ಕೇಳಿದ್ದನ್ನೆಲ್ಲ ದಾಟಿಸಿದ ಪೆಟ್ಟಿಗೆ

ನಾನು ಒಂದು ನೆಟ್‌ವರ್ಕ್ ಸ್ವಿಚ್. ಗೋಡೆಯ ಮೇಲೆ ಟಕ್ಕೆಂದು ಒತ್ತಿ ದೀಪ ಹಚ್ಚುತ್ತೀರಲ್ಲ, ಅದು ನಾನಲ್ಲ. ನಾನು ಕಬ್ಬಿಣದ ಚಪ್ಪಟೆ ಪೆಟ್ಟಿಗೆ. ಮುಖದ ತುಂಬ ತೂತು, ತೂತಿಗೊಂದು ಹಸಿರು ದೀಪ. ಒಂದು ಯಂತ್ರ ಹೇಳಿದ್ದನ್ನು ಇನ್ನೊಂದಕ್ಕೆ ದಾಟಿಸುವುದು ನನ್ನ ಹುಟ್ಟುಗುಣ. ಹೇಳಿದವರು ಯಾರು, ಯಾಕೆ ಎಂದು ಕೇಳುವ ಬಾಯಿಯನ್ನು ನನ್ನನ್ನು ಮಾಡಿದವರು ಕೊಡಲಿಲ್ಲ.

ದೂರದ ಊರಲ್ಲಿ ಬೆಸುಗೆಯ ಹೊಗೆಯಲ್ಲಿ ಹುಟ್ಟಿ, ಥರ್ಮಾಕೋಲಿನಲ್ಲಿ ಮಲಗಿಕೊಂಡು ಗದಗಿನ ಹೊರಗಿನ ಒಂದು ಪಶು ಆಹಾರದ ಕಾರ್ಖಾನೆಗೆ ಬಂದೆ. ಹಿಂಡಿ, ತೌಡು, ಕಾಕಂಬಿ ಕಲಸುವ ಮಿಕ್ಸರ್ ಅಲ್ಲಿಯ ದೊಡ್ಡಣ್ಣ. ಆಳು ಇಳಿದು ನಿಲ್ಲುವಷ್ಟು ದೊಡ್ಡ ತೊಟ್ಟಿ, ಒಳಗೆ ಉಕ್ಕಿನ ರೆಕ್ಕೆಗಳು. ಕಂಟ್ರೋಲ್ ರೂಮಿನ ಮಾದೇವಿ ಪರದೆ ಮುಟ್ಟಿದರೆ ‘ತಿರುಗು’ ಎಂಬ ಅಪ್ಪಣೆ ನನ್ನ ಮೂಲಕ ಅದಕ್ಕೆ ಹೋಗುತ್ತಿತ್ತು.

ಒಂದು ದಿನ ಕ್ಯಾಂಟೀನಿಗೆ ಹೊಸ ಟಿವಿ ಬಂತು. ಕ್ರಿಕೆಟ್ ನೋಡಬೇಕಲ್ಲ! ಫಿಟ್ಟರ್ ಈರಭದ್ರ ಟಿವಿಯ ತಂತಿ, ಇಂಟರ್‌ನೆಟ್ ತಂತಿ ಎರಡನ್ನೂ ಹಿಡಿದು ನನ್ನೆದುರು ನಿಂತ.

“ಸಾಹೇಬ್ರ, ಇದು ಮಷಿನ್ ಡಬ್ಬಿ. ಇದಕ್ಕ ಹಚ್ಚಲ್ರೀ?”

“ತೂತು ಖಾಲಿ ಅದಾವಿಲ್ಲೋ? ಹಚ್ಚು,” ಎಂದರು ಮ್ಯಾನೇಜರ್ ದೇಸಾಯರು.

ಅಲ್ಲಿ ನಮ್ಮವರು ಪಂದ್ಯ ಗೆದ್ದರು, ಇಲ್ಲಿ ಇವರು ಕುಣಿದರು. ತಂತಿಗಳು ಹಾಗೇ ಉಳಿದವು.

ಆಮೇಲೆ ಯಾರೋ ಒಬ್ಬ ಬಂದ. ಮುಖವಿಲ್ಲ, ಹೆಜ್ಜೆಯ ಸಪ್ಪಳವಿಲ್ಲ. ಹೊರಗಿನ ಇಂಟರ್‌ನೆಟ್ ತಂತಿಯಿಂದ ಒಂದೊಂದೇ ಯಂತ್ರವನ್ನು ಮೆಲ್ಲಗೆ ಕೇಳಿದ: ‘ನೀನ್ಯಾರು?’ ಯಂತ್ರಗಳಿಗೆ ಸುಳ್ಳು ಬರುವುದಿಲ್ಲ. ತೂಕದ ಯಂತ್ರ ಹೆಸರು ಹೇಳಿತು, ಮಿಕ್ಸರ್ ಹೇಳಿತು. ಎಲ್ಲವನ್ನೂ ನಾನೇ ಒಯ್ದು ಕೊಟ್ಟೆ. ನನ್ನ ಕಬ್ಬಿಣದ ಮೈಯೂ ಜುಮ್ಮೆಂದಿತು. ಮಾದೇವಿಯ ಪರದೆಯಲ್ಲಿ ತೂಕ ಕಾಣುತ್ತಿತ್ತು, ಶಾಖ ಕಾಣುತ್ತಿತ್ತು. ಯಾರು ಯಾರ ಜೊತೆ ಮಾತಾಡುತ್ತಿದ್ದಾರೆ ಎಂಬುದು ಮಾತ್ರ ಇಡೀ ಕಾರ್ಖಾನೆಯಲ್ಲಿ ಎಲ್ಲೂ ಕಾಣುತ್ತಿರಲಿಲ್ಲ.

ದಸರೆಯ ಖಂಡೆ ಪೂಜೆ ಬಂತು, ಆಯುಧಗಳ ಹಬ್ಬ. ಆವತ್ತು ಯಂತ್ರಗಳಿಗೆ ವಿಶ್ರಾಂತಿ, ಯಾರೂ ಒಂದು ಗುಂಡಿ ಒತ್ತುವಂತಿಲ್ಲ. ಆ ನಂಬಿಕೆಯಲ್ಲೇ ಯಾರೂ ಮೇನ್ ಆಫ್ ಮಾಡಲಿಲ್ಲ. ಬೇರೆ ದಿನ ಮೇನ್ ಆಫ್ ಮಾಡಿ ಅದಕ್ಕೆ ಬೀಗ ಹಾಕದೆ ತೊಟ್ಟಿಗೆ ಕಾಲಿಡದ ಈರಭದ್ರ, ಅಂದು ಮಿಂದು ವಿಭೂತಿ ಹಚ್ಚಿಕೊಂಡು, ರೆಕ್ಕೆಗಳಿಗೆ ಕುಂಕುಮ ಹಚ್ಚಲು ಬಟ್ಟಲು ಹಿಡಿದು ಹಾಗೇ ಇಳಿದುಬಿಟ್ಟ. ನನಗೂ ಚೆಂಡುಹೂವಿನ ಮಾಲೆ ಹಾಕಿದ್ದರು. ಗಂಟೆ, ಜಾಗಟೆ ಮೊಳಗುತ್ತಿದ್ದವು.

ಆಗ ಹೊರಗಿನ ತಂತಿಯಿಂದ ಬಂತು: ‘ತಿರುಗು.’

ಬೇಡ, ಬೇಡವೋ ಎಂದು ಒಳಗೇ ಚೀರಿದೆ. ದಾಟಿಸಿಬಿಟ್ಟೆ.

ತಿರುಗುವ ಮುಂಚೆ ಮಿಕ್ಸರ್ ಎಚ್ಚರಿಕೆಯ ಗಂಟೆ ಬಾರಿಸುತ್ತದೆ. ಬಾರಿಸಿತು. ಪೂಜೆಯ ಗಂಟೆಗಳಲ್ಲಿ ಅದೂ ಬೆರೆತುಹೋಯಿತು. ಎಲ್ಲರೂ ಕಣ್ಣು ಮುಚ್ಚಿ ಕೈ ಮುಗಿದರು.

ನನಗೆ ಆರತಿ ಬೆಳಗುತ್ತಿದ್ದ ಮಾದೇವಿ ಮಾತ್ರ ಹೂವಿನ ಮರೆಯ ದೀಪ ನೋಡಿದಳು. “ನಾ ಏನೂ ಒತ್ತಿಲ್ಲ! ಮಿಕ್ಸರ್ ದೀಪ ಯಾಕ ಮಿಣುಕಾಕತ್ತೈತಿ?” ಎಂದವಳೇ ತಟ್ಟೆ ಬಿಸುಟು ಕೆಂಪು ಗುಂಡಿ ಗುದ್ದಿದಳು. ಅಷ್ಟರಲ್ಲಿ ರೆಕ್ಕೆಗಳು ಅರ್ಧ ಸುತ್ತು ತಿರುಗಿದ್ದವು. ಈರಭದ್ರ ಬದುಕಿದ. ಬಲಗೈ ಉಳಿಯಲಿಲ್ಲ.

ಹುಬ್ಬಳ್ಳಿಯಿಂದ ಇಂಜಿನಿಯರ್ ಶಬಾನಾ ಬಂದು ನನ್ನನ್ನು ನೋಡಿ ಹಣೆ ಹಣೆ ಬಡಿದುಕೊಂಡರು. “ಅಡಗಿಮನಿ, ಕೊಟ್ಟಿಗಿ, ಬೀದಿ ಎಲ್ಲಾಕ್ಕೂ ಒಂದ ಬಾಗ್ಲಾ ಇಟ್ಟೀರಲ್ರೀ!” ಯಂತ್ರಗಳಿಗೆ ಬೇರೆ ಸ್ವಿಚ್ ಬಂತು. ಅದಕ್ಕೂ ನನಗೂ ನಡುವೆ ಒಂದು ಕಾವಲು ಪೆಟ್ಟಿಗೆ ಕೂತಿತು. ಯಾರು ಬಂದು ಬಾಗಿಲು ತಟ್ಟಿದರು, ಏನು ಕೇಳಿದರು ಎಂದು ತೋರಿಸುವ ಪರದೆಯೊಂದು ಮಾದೇವಿಯ ಮೇಜಿಗೆ ಬಂತು. ಹೊರಗಿನ ತಂತಿ, ಟಿವಿಯ ತಂತಿ ಎರಡನ್ನೂ ಚುಚ್ಚಿಸಿಕೊಂಡೇ ನಾನು ಕ್ಯಾಂಟೀನಿನ ಅಟ್ಟ ಸೇರಿದೆ.

ಈಗ ಮುದುಕನಾಗಿದ್ದೇನೆ, ಬಣ್ಣ ಉದುರುತ್ತಿದೆ. ಕೆಳಗೆ ಈರಭದ್ರ ಎಡಗೈಯಲ್ಲಿ ರೊಟ್ಟಿ ಮುರಿಯುತ್ತಾನೆ. ನನಗೆ ಬೆನ್ನು ಹಾಕಿ ಮಾತ್ರ ಕೂರುವುದಿಲ್ಲ. ಟಿವಿ ಆರಿದ್ದರೂ ಇಂದು ನನ್ನ ದೀಪ ಮಿಣುಕಿತು. ಅವನ ಕೈ ನಿಂತಿತು.

“ಉಣ್ಣಣ್ಣಾ,” ಎಂದಳು ಎದುರಿಗೆ ಕೂತ ಮಾದೇವಿ. “ದಿನಾ ಬರ್ತಾನ ಅಂವ. ಕಾವಲು ಪೆಟಗಿ ಒಳಗ ಬಿಡೂದಿಲ್ಲ.”

“ಬಿಡೂದಿಲ್ಲ ಖರೆ. ಬಂದು ಏನಂತಾನವಾ?”

ಮಾದೇವಿ ತಲೆ ತಗ್ಗಿಸಿದಳು. “ಅದನ್ನ. ತಿರುಗು ಅಂತಾನ.”

ಈರಭದ್ರ ಕೈಯಲ್ಲಿದ್ದ ತುತ್ತು ಬಿಟ್ಟು, ಅಂಗಿಯ ಖಾಲಿ ತೋಳನ್ನು ಸರಕ್ಕನೆ ಎದೆಗೆ ಎಳೆದುಕೊಂಡ.