ಹಿಂದಿನ ಬೆಂಚಿನಲ್ಲಿ ದೊಡ್ಡ ಮೇಡಂ

ಓರಗಿತ್ತಿ ತನ್ನದೇ ಶಾಲೆಗೆ ಟೀಚರಾಗಿ ಬಂದ ದಿನದಿಂದ ದೊಡ್ಡ ಮೇಡಂ ಹೊಟ್ಟೆಗೆ ಕಿಚ್ಚು ಬಿದ್ದಿತ್ತು. ಬೀಳದೇ ಇನ್ನೇನು? ಅವಳು ಎರಡು ವರ್ಷ ತರಬೇತಿ ಕಾಲೇಜಿನಲ್ಲಿ ಚಾರ್ಟು ಬರೆದು, ಪಾಠ ಟಿಪ್ಪಣಿ ತಿದ್ದಿಸಿಕೊಂಡು, ಎಲ್ಲರ ಮುಂದೆ ಬೈಸಿಕೊಂಡು ಟೀಚರಾದವಳು. ಈ ಚಿಕ್ಕವಳೋ, ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿ ಡಬ್ಬಿ ಕಲಕುತ್ತಿದ್ದವಳು. ವಿಜ್ಞಾನಕ್ಕೆ ಟೀಚರುಗಳು ಸಿಗುತ್ತಿಲ್ಲವೆಂದು ಸರ್ಕಾರ ಹೊಸ ದಾರಿ ತೆರೆದದ್ದೇ ತಡ, ಒಂದು ಬೇಸಿಗೆಯ ತರಬೇತಿ ಮುಗಿಸಿ ಸೀದಾ ಕ್ಲಾಸಿಗೆ ನುಗ್ಗಿದ್ದಳು. ವರ್ಷದ ಕೊನೆಗೆ ಪರೀಕ್ಷಕರ ಮುಂದೆ ಒಂದು ಪಾಠ ಮಾಡಿ ಮೆಚ್ಚಿಸಿದರೆ ಸರ್ಟಿಫಿಕೇಟು. ಇಲ್ಲವಾದರೆ ಕೆಲಸಕ್ಕೇ ಸಂಚಕಾರ.

ಸಾಲದ್ದಕ್ಕೆ ಅತ್ತೆ ಬೇರೆ, ಊಟಕ್ಕೆ ಕೂತಾಗಲೆಲ್ಲ "ನಮ್ಮ ಚಿಕ್ಕವಳು ಏನು ಚುರುಕು! ಒಂದೇ ಬೇಸಿಗೆಗೆ ಟೀಚರಾಗ್ಬಿಟ್ಳು" ಎನ್ನುತ್ತಿದ್ದರು. ದೊಡ್ಡವಳು ಅರ್ಧಕ್ಕೇ ತಟ್ಟೆ ಬಿಟ್ಟು ಏಳುತ್ತಿದ್ದಳು.

ಪರೀಕ್ಷೆಯ ಪಾಠಕ್ಕೆ ಯಾವ ಕ್ಲಾಸು ಕೊಡೋಣವೆಂದು ಹೆಡ್‌ಮಾಸ್ಟರು ಕೇಳಿದಾಗ ದೊಡ್ಡವಳೇ ಮುಂದೆ ಬಿದ್ದಳು.

"ನನ್ನ ಏಳನೇ ಕ್ಲಾಸು ಕೊಡಿ ಸಾರ್. ಒಂದು ಮಗುನೂ ಕಮಕ್ ಕಿಮಕ್ ಅನ್ನಲ್ಲ."

ಚಿಕ್ಕವಳು ಆ ಕ್ಲಾಸಿಗೆ ಕಾಲಿಟ್ಟವಳೇ ಅಲ್ಲ. ಆದರೂ "ನೀವಿದ್ದೀರಲ್ಲ ಅಕ್ಕಾ, ಅದೇ ಧೈರ್ಯ" ಎಂದು ಕೈ ಹಿಡಿದುಕೊಂಡಳು. ಪ್ರಶ್ನೆ ಕೇಳಿ, ಮಕ್ಕಳ ಬಾಯಿಂದಲೇ ಉತ್ತರ ಬರಿಸಿ ಪಾಠ ಕಟ್ಟುವವಳು ಅವಳು. ದೊಡ್ಡ ಮೇಡಂ ಎದುರಿಗಿದ್ದರೆ ಆ ಮಕ್ಕಳ ಬಾಯಿಗೆ ಬೀಗ. ಅದು ಗೊತ್ತಿದ್ದೇ ದೊಡ್ಡವಳು ಪರೀಕ್ಷೆಯ ದಿನ ಹೋಗಿ ಹಿಂದಿನ ಬೆಂಚಿನ ನಟ್ಟನಡುವೆ ಕೂತಳು.

"ಗೋಡೆಗೆ ಬಣ್ಣ ಹಚ್ಚಿದ್ವಿ, ಒಣಗ್ತು. ಅದ್ರಲ್ಲಿದ್ದ ನೀರು ಎಲ್ಲಿಗೆ ಹೋಯ್ತು?" ಎಂದು ಚಿಕ್ಕವಳು ಕೇಳಿದಳು.

ಯಾರೂ ಪಿಟಿಕ್ಕೆನ್ನಲಿಲ್ಲ. ಬೇರೆ ಥರ ಕೇಳಿದಳು. ಒಬ್ಬ ಹುಡುಗ ಮೆಲ್ಲಗೆ ಹಿಂದೆ ತಿರುಗಿ ನೋಡಿ ತಲೆ ತಗ್ಗಿಸಿದ. ಚಿಕ್ಕವಳ ಹಣೆ ಬೆವರಿತು. ದೊಡ್ಡ ಮೇಡಂಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಪರೀಕ್ಷಕರು ಹುಡುಗನನ್ನೂ ನೋಡಿದರು, ಹಿಂದಿನ ಬೆಂಚನ್ನೂ ನೋಡಿದರು. "ಮೇಡಂ, ತಾವು ಸ್ವಲ್ಪ ಹೊರಗಿರ್ತೀರಾ?" ಎಂದರು.

ಮುಖಕ್ಕೆ ಹೊಡೆದ ಹಾಗಾಯಿತು. ಎದ್ದು ಹೋಗಿ ಮುಚ್ಚಿದ ಬಾಗಿಲ ಪಕ್ಕ ನಿಂತಳು. ಮೊದಲು ಒಳಗೆ ಯಾರೋ ಗೊಣಗಿದರು. ಆಮೇಲೆ ಇನ್ನೊಬ್ಬರು. ನೋಡನೋಡುತ್ತಲೇ ಕ್ಲಾಸು ಗಿಜಿಗುಟ್ಟತೊಡಗಿತು. ನನ್ನ ಮಕ್ಕಳು, ಅವಳ ಹತ್ತಿರ ಹೀಗೆ! ಸಂಕಟ ತಡೆಯಲಾಗಲಿಲ್ಲ. ಅಷ್ಟರಲ್ಲಿ ಒಂದು ಹುಡುಗಿಯ ದನಿ ಎಲ್ಲರನ್ನೂ ಮೀರಿ ಕೇಳಿಸಿತು.

"ಮಿಸ್, ಮನೆ ಒಳಗೆ ಒಣಗ್ಸಿದ ಬಟ್ಟೆ ವಾಸನೆ ಬರುತ್ತೆ, ಬಿಸಿಲಲ್ಲಿ ಹಾಕಿದ್ದು ಬರಲ್ಲ. ಯಾಕೆ ಮಿಸ್?"

ಎಂಥ ಗಟ್ಟಿ ದನಿ! ಯಾರದಿದು? ದೊಡ್ಡ ಮೇಡಂ ಒಂದೊಂದೇ ಮುಖ ನೆನಪಿಸಿಕೊಂಡಳು. ಯಾವುದಕ್ಕೂ ಆ ದನಿ ಹೊಂದಲಿಲ್ಲ.

ಪಾಠ ಮುಗಿದು ಪರೀಕ್ಷಕರು ಹೆಡ್‌ಮಾಸ್ಟರ ಕೋಣೆಯತ್ತ ಹೋದದ್ದೇ ಚಿಕ್ಕವಳು ಓಡಿಬಂದು ತಬ್ಬಿಕೊಂಡಳು. "ಪಾಸಾಯ್ತು ಅಕ್ಕಾ! ನಿಮ್ಮ ಮಕ್ಕಳೇ ನನ್ನ ಉಳಿಸಿದ್ರು."

"ಬಟ್ಟೆ ವಾಸನೆ ಅಂತ ಕೇಳಿದ್ದು ಯಾರೇ?"

"ನಿಮ್ಮ ಲೀಡರ್ ಹುಡುಗಿನೇ ಅಕ್ಕಾ. ಗೊತ್ತಾಗ್ಲಿಲ್ವಾ?"

ಪ್ರತಿದಿನ ಪುಸ್ತಕದ ಹೊರೆ ಹೊತ್ತು ತನ್ನ ಹಿಂದೆ ಸ್ಟಾಫ್ ರೂಮಿನವರೆಗೂ ಬರುವ ಹುಡುಗಿ! ದೊಡ್ಡ ಮೇಡಂ ಒಳಗೆ ಕಾಲಿಟ್ಟಳು. ಗದ್ದಲ ಗಪ್ಪನೆ ನಿಂತಿತು. ಹುಡುಗಿ ಎದ್ದು ಕೈಕಟ್ಟಿ ನಿಂತಳು.

"ಏನಮ್ಮಾ ಕೇಳ್ತಿದ್ದೆ, ಆಗ?" ಎಂದು ತನಗೆ ಬಂದಷ್ಟು ಮೆತ್ತಗೆ ಕೇಳಿದಳು.

"ಏನಿಲ್ಲ ಮಿಸ್" ಎಂದು ಹುಡುಗಿಯ ತುಟಿ ಅಲ್ಲಾಡಿತು. ದನಿ ಮಾತ್ರ ಹೊರಡಲಿಲ್ಲ.