ಬದರಿ ಆರಿಸುತ್ತಿದ್ದ ಕಾರ್ಡು

ಕಾಶಿಯ ಬಂಗಾಲಿ ಟೋಲಾದ ಆ ಪುರೋಹಿತರ ಮನೆಯಲ್ಲಿ ಗುಟ್ಟಿನ ಮಾತಿಗೆ ಒಂದು ಪದ್ಧತಿ ಇತ್ತು. ತರಕಾರಿಯವನ ಎದುರು, ರಿಕ್ಷಾದವನ ಎದುರು ಕನ್ನಡ. ಊರಿನಿಂದ ಬಂದ ಯಾತ್ರಿಕರ ಎದುರು ಹಿಂದಿ. ಯಾರೂ ಕೂತು ಮಾಡಿದ ನಿಯಮವಲ್ಲ ಅದು. ಪಂಕ್ತಿಯಲ್ಲಿ ಯಾತ್ರಿಕರು ಕೂತಿರುವಾಗ ಮಗ ಸುಜಯ ಅಡುಗೆಮನೆಯ ಬಾಗಿಲಿಗೆ ಬಂದು “ಘೀ ಖತಮ್” ಎಂದರೆ, ವನಮಾಲಾ ಮುಖದ ನಗು ಕೆಡಿಸದೆ “ಪಾನೀ ಮಿಲಾವ್ ದಾಲ್ ಮೇ, ಘೀ ಮತ್ ಪೂಛೋ” ಎನ್ನುತ್ತಿದ್ದಳು. ತುಪ್ಪದ ಸುದ್ದಿ ಎತ್ತಬೇಡ, ಬೇಳೆಗೆ ನೀರು ಬೆರೆಸು ಎಂಬುದು ಧಾರವಾಡ ಕಡೆಯ ಭಕ್ತರಿಗೆ ತಿಳಿಯುತ್ತಿರಲಿಲ್ಲ. ಹೊಸ ಸೊಸೆಯಾಗಿ ಬಂದಾಗ ವನಮಾಲಾಳಿಗೆ ಇದು ಸರಿ ಕಂಡಿರಲಿಲ್ಲ. ಕಾಲೇಜಿನಲ್ಲಿ ಓದಿದವಳು, ಮಾತು ತೂಗಿ ಆಡುವವಳು ಎಂದು ತನ್ನ ಬಗ್ಗೆ ಅವಳಿಗೆ ಒಂದು ಅಭಿಪ್ರಾಯವಿತ್ತು. ಆಮೇಲೆ ಅಭ್ಯಾಸವಾಯಿತು.

ಆ ವರ್ಷ ಕಾರ್ತಿಕದಲ್ಲಿ ರಾಯಚೂರಿನಿಂದ ಶೇಷಗಿರಿರಾಯರು, ಅವರ ಹೆಂಡತಿ ಪ್ರಿಯಂವದಾಬಾಯಿ ಬಂದರು. ರಾಯರು ರೈಲ್ವೆಯಲ್ಲಿದ್ದು ನಿವೃತ್ತರಾದವರು. ಒಬ್ಬನೇ ಮಗ ಬದರಿ, ಇಂಜಿನಿಯರಿಂಗ್ ಓದುತ್ತಿದ್ದವನು, ಹಿಂದಿನ ವರ್ಷ ಜ್ವರ ಬಂದು ಹೋಗಿಬಿಟ್ಟಿದ್ದ. ವರ್ಷಾಂತದ ಕರ್ಮ ಕಾಶಿಯಲ್ಲಿ ಆಗಲಿ ಎಂದು ಬಂದಿದ್ದರು. ವನಮಾಲಾಳ ಗಂಡ ಶ್ರೀನಿವಾಸಾಚಾರ್ಯರು ಗೋತ್ರ, ನಕ್ಷತ್ರ, ತಿಥಿ ಕೇಳಿಕೊಂಡರು. ಯಾವ ಯಾವ ಊರಿನಲ್ಲಿದ್ದಿರಿ ಎಂದು ಯಾತ್ರಿಕರನ್ನು ಆ ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ.

ಮೊದಲ ದಿನ ಸಂಜೆ ಎಲೆಯ ಮುಂದೆ ಕೂತ ಪ್ರಿಯಂವದಾಬಾಯಿ ತುತ್ತು ಕೈಯಲ್ಲಿ ಹಿಡಿದವರು ಹಾಗೇ ಅಳತೊಡಗಿದರು. ವನಮಾಲಾ ಬೆನ್ನು ಸವರಿದಳು. ಸವರುತ್ತಲೇ ಮಗನತ್ತ ತಿರುಗಿ ಹಿಂದಿಯಲ್ಲಿ, “ಇದು ಈಗಲೇ ಮುಗಿಯೋ ಹಾಗೆ ಕಾಣಲ್ಲ, ನೀನು ಉಂಡುಬಿಡು” ಎಂದಳು. ಅವನ ಹೊಟ್ಟೆ ಹಸಿದೀತು ಎಂಬ ಕಾಳಜಿ, ಅಷ್ಟೆ.

ಊಟವಾದ ಮೇಲೆ ಪ್ರಿಯಂವದಾಬಾಯಿ ತಾವೇ ಕೇಳಿದರು. “ಕೊಡೆ, ಚಪ್ಪಲಿ, ಹಾಸಿಗೆ ಎಲ್ಲಾ ಆಚಾರ್ರು ಹೇಳ್ಯಾರ್ರಿ. ಅದಲ್ಲದ ಅವನಿಗೆ ಪ್ರೀತಿ ಇದ್ದದ್ದು ಒಂದು ದಾನ ಕೊಡಬೇಕಂತಲ್ಲ, ಏನು ಕೊಡೂಣು ವನಮಾಲಾಬಾಯಿ? ಅವಂಗ ಕಂಪ್ಯೂಟರ್ ಬಿಟ್ಟರ ಇನ್ನೊಂದು ಗೊತ್ತಿದ್ದಿಲ್ಲ. ತಾನ ಸಾಮಾನು ತಂದು ಜೋಡಸ್ಲಿಕ್ಹತ್ತಿದ್ದ, ಆಟ ಆಡ್ಲಿಕ್ಕೆ. ಅದೇನೋ ಕಾರ್ಡು, ಅದೊಂದು ಬೇಕು, ದೊಡ್ಡ ಪರದೆ ಬೇಕು ಅಂತಿದ್ದ. ಪರೀಕ್ಷೆ ಆಗ್ಲಿ ಅಂದಿದ್ದೆ ನಾನು.”

ವನಮಾಲಾಳ ತಲೆಯ ಮೇಲಿನ ಕೋಣೆಯಲ್ಲೇ ಸುಜಯ ಜೋಡಿಸಿದ್ದ ಕಂಪ್ಯೂಟರ್ ಬಾಯಿ ತೆರೆದುಕೊಂಡು ಕೂತಿತ್ತು. ಟ್ಯೂಷನ್ ಹೇಳಿ ಹೇಳಿ ಒಂದೊಂದೇ ಭಾಗ ತಂದಿದ್ದ. ಗ್ರಾಫಿಕ್ಸ್ ಕಾರ್ಡು ಇಲ್ಲ. ಪರದೆ ಯಾರದೋ ಹಳೆಯದು, ಅರ್ಧಕ್ಕರ್ಧ ಹಸಿರಾಗಿ ಕಾಣುವುದು. ದಾನವಾಗಿ ಬಂದದ್ದು ಈ ಮನೆಯಲ್ಲೇ ಉಳಿಯುತ್ತಿತ್ತು.

“ಅವನು ಏನು ಬಯಸಿದ್ದನೋ ಅದನ್ನೇ ಕೊಡ್ರಿ,” ಎಂದಳು ವನಮಾಲಾ, ಒಂದೊಂದೇ ಪದ ಆರಿಸಿ. “ನಮ್ಮ ಸುಜಯಗೂ ಅದರಾಗ ತಿಳೀತದ. ಬೇಕಾದ್ರ ಅಂಗಡಿಗೆ ಬರ್ತಾನ.”

ಇದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೂ ಮೆಟ್ಟಿಲು ಹತ್ತುವಾಗ ಅವಳಿಗೆ ತನ್ನನ್ನು ಯಾರೋ ಹಿಂದಿನಿಂದ ನೋಡುತ್ತಿದ್ದಾರೆ ಅನ್ನಿಸಿತು.

ಮರುದಿನ ಗೋದೌಲಿಯಾದ ನೂಕುನುಗ್ಗಲು ದಾಟಿ ಸಿಗರಾದ ಕಂಪ್ಯೂಟರ್ ಅಂಗಡಿಗೆ ಪ್ರಿಯಂವದಾಬಾಯಿ, ವನಮಾಲಾ, ಸುಜಯ ಮೂವರೂ ಹೋದರು. ರಾಯರು ಮಂಡಿನೋವೆಂದು ಮನೆಯಲ್ಲೇ ಉಳಿದರು. ಅಂಗಡಿಯವನು “ಆಯಿಯೇ ಪಂಡಿತಾಯಿನ್‌ಜೀ” ಎಂದು ಪುರೋಹಿತರ ಹೆಂಡತಿ ವನಮಾಲಾಳಿಗೆ ಪ್ಲಾಸ್ಟಿಕ್ ಕುರ್ಚಿ ಒರೆಸಿಕೊಟ್ಟ.

ಸುಜಯನಿಗೆ ಮಾತು ಶುರುವಾದರೆ ನಿಲ್ಲುವುದಿಲ್ಲ. ಪ್ರಿಯಂವದಾಬಾಯಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ತನ್ನ ಬೆರಕೆ ಕನ್ನಡದಲ್ಲಿ ತಿಳಿಸತೊಡಗಿದ.

“ನೋಡ್ರಿ ಅಜ್ಜಿ...”

“ಅಜ್ಜಿ ಯಾಕೋ? ಕೂದಲಾ ಬೆಳ್ಳಗಾಗಿದ್ದು ಹೋದ ವರ್ಷ. ಮೌಶಿ ಅನ್ನು.”

“ಮೌಶಿ, ಪರದೆ ಅಂದ್ರ ಚುಕ್ಕಿ. ಪರದೆ ದೊಡ್ಡದಾದಂಗ ಚುಕ್ಕಿ ಜಾಸ್ತಿ. ಆಟದಾಗ ಗಾಡಿ ಓಡಿದ್ರ, ಅಷ್ಟೂ ಚುಕ್ಕಿ ಕಾರ್ಡು ಮತ್ತ ಮತ್ತ ಬರೀಬೇಕು. ದೊಡ್ಡ ಪರದೆಗೆ ಸಣ್ಣ ಕಾರ್ಡು ಹಾಕಿದ್ರ ಚಿತ್ರ ತಡವರಸ್ತದ. ಸಣ್ಣ ಪರದೆಗೆ ದೊಡ್ಡ ಕಾರ್ಡು ಬ್ಯಾಡಾ, ಫಾಲ್ತು. ಜೋಡಿ ಹೊಂದಬೇಕು, ಬಸ್.”

“ಮದುವಿ ಇದ್ದಂಗ ಅನ್ನು,” ಎಂದರು ಪ್ರಿಯಂವದಾಬಾಯಿ. ಬಂದ ಮೇಲೆ ಅವರು ನಕ್ಕದ್ದು ಅದೇ ಮೊದಲು.

ಅಂಗಡಿಯವನು ಎರಡು ಜೋಡಿ ಮುಂದಿಟ್ಟ. ಹದಿನೇಳು ಇಂಚಿನ ಚೌಕ ಪರದೆ, ಅದಕ್ಕೊಂದು ಅಂಗೈಯಷ್ಟು ಕಾರ್ಡು. ಇನ್ನೊಂದು ಇಪ್ಪತ್ತೆರಡು ಇಂಚಿನ ಅಗಲ ಪರದೆ. ಅದರ ಕಾರ್ಡು ಇಟ್ಟಿಗೆಯಂತೆ ದಪ್ಪ, ಬೆನ್ನಿಗೆ ಫ್ಯಾನು, ಕರೆಂಟಿಗೆ ಬೇರೆಯೇ ತಂತಿ. ಅಗಲ ಪರದೆಯ ಮೇಲೆ ಕೆಂಪು ಕಾರೊಂದು ಸಮುದ್ರದ ದಂಡೆಯಲ್ಲಿ ಓಡುತ್ತಿತ್ತು. ನೀರಿನ ಮೇಲೆ ಬಿಸಿಲು ಹೊಳೆಯುವುದು ಕೂಡ ಕಾಣುತ್ತಿತ್ತು.

“ನಮ್ಮ ಬದರಿ ಇದ್ದಿದ್ರ ಯಾವುದು ಆರಿಸ್ತಿದ್ದ?” ಪ್ರಿಯಂವದಾಬಾಯಿ ಪರದೆಯಿಂದ ಕಣ್ಣು ತೆಗೆಯದೆ ಕೇಳಿದರು.

ಸುಜಯ ಯೋಚಿಸಿದ. ಬದರಿಯ ಕಂಪ್ಯೂಟರ್ ಪೆಟ್ಟಿಗೆಯಲ್ಲಿ ಏನೇನಿತ್ತು ಎಂದು ರಾಯರಿಂದ ಆಗಲೇ ಕೇಳಿಕೊಂಡಿದ್ದ. “ಅವರದೂ ನನ್ನಂಥದ ಸೆಟ್ಟು. ಸಣ್ಣದು ತಗೋತಿದ್ರು, ಮೌಶಿ. ತಿಳಿದವರು ಅದನ್ನ ತಗೋತಾರ.”

ಆಗ ವನಮಾಲಾಳ ಒಳಗೆ ಏನೋ ಚುರುಕ್ಕೆಂದಿತು. ಬೇರೆ ಮನೆಯ ಹುಡುಗರ ಕೋಣೆಗಳಲ್ಲಿ ಕದ್ದು ನಿಂತು ಆಟ ನೋಡಿ ಬರುತ್ತಿದ್ದ ಮಗ. ಇಂಥದೊಂದು ಸಂದರ್ಭ ಮತ್ತೆಲ್ಲಿ ಬಂದೀತು? ಅವಳು ಸೆರಗು ಸರಿಮಾಡಿಕೊಳ್ಳುತ್ತ, ಬಟ್ಟೆಯ ಬಣ್ಣದ ಬಗ್ಗೆ ಮಾತಾಡುವಷ್ಟು ಸಹಜವಾಗಿ ಹಿಂದಿಯಲ್ಲಿ ಹೇಳಿದಳು:

“ಬಡಾ ವಾಲಾ ಬೋಲ್.” ದೊಡ್ಡದನ್ನೇ ಹೇಳು.

ಸುಜಯ ಬೆಚ್ಚಿದ. “ಅಮ್ಮಾ, ಹಮಾರಾ ಎಸ್‌ಎಂಪಿಎಸ್ ನಹೀ ಉಠಾಯೇಗಾ.” ಕರೆಂಟು ಹಂಚುವ ತನ್ನ ಅಗ್ಗದ ಡಬ್ಬಿ ಆ ದೊಡ್ಡ ಕಾರ್ಡಿನ ಭಾರ ತಾಳುವುದಿಲ್ಲ ಎಂದ.

“ಬಾದ್ ಮೇ ದೇಖ್ ಲೇಂಗೇ. ಇನಕೋ ಕ್ಯಾ ಪತಾ?”

ಆಮೇಲೆ ನೋಡಿಕೊಳ್ಳೋಣ. ಇವರಿಗೇನು ಗೊತ್ತು? ಅಂಗಡಿಯವನು ತಲೆ ತಗ್ಗಿಸಿ ಗಾಜಿನ ಮೇಲಿನ ಧೂಳು ಒರೆಸಿದ. ಪ್ರಿಯಂವದಾಬಾಯಿ ಕೆಂಪು ಕಾರನ್ನೇ ನೋಡುತ್ತಿದ್ದರು.

ಸುಜಯ ಕಿವಿ ಕೆಂಪಗೆ ಮಾಡಿಕೊಂಡು, “ದೊಡ್ಡದೂ... ಛಲೋ ಅದ ಮೌಶಿ,” ಎಂದ.

“ಹಂಗಾರ ದೊಡ್ಡದ ಇರ್ಲಿ,” ಎಂದರು ಅವರು.

ಶ್ರೀನಿವಾಸಾಚಾರ್ಯರು ಆ ಪೆಟ್ಟಿಗೆಗಳನ್ನು ನೋಡಿದವರೇ ಒಂದು ಮಾತು ಹೇಳಿದರು. ಕಂಪ್ಯೂಟರಿನ ವಿಷಯ ಅವರಿಗೆ ಏನೂ ತಿಳಿಯದು. ದಾನದ ವಿಷಯ ತಿಳಿಯುತ್ತಿತ್ತು. “ಹಾಲು ಕೊಡದ ಆಕಳಾ, ಮುರದ ಮಂಚಾ ದಾನ ಕೊಡಬಾರದು, ತಗೋಬಾರದು. ನಾಡದ್ದು ಕರ್ಮ. ಅದರೊಳಗ ಇದು ನಡೀತದೋ ಇಲ್ಲೋ ಒಮ್ಮೆ ಹಚ್ಚಿ ನೋಡಿಬಿಡ್ರಿ.”

ಹಾಗಾಗಿ ಮರುದಿನ ಬೆಳಿಗ್ಗೆ ಸ್ನಾನ, ಪೂಜೆ ಮುಗಿದ ಮೇಲೆ ಎಲ್ಲರೂ ಮೇಲಿನ ಕೋಣೆಯಲ್ಲಿ ಸೇರಿದರು. ರಾಯರಿಗೆ ಕುರ್ಚಿ, ಆಚಾರ್ಯರು ಬಾಗಿಲಲ್ಲಿ, ಪ್ರಿಯಂವದಾಬಾಯಿ ಸುಜಯನ ಮಂಚದ ಅಂಚಿನಲ್ಲಿ, ಮಡಿಲಲ್ಲಿ ಕೈ ಇಟ್ಟುಕೊಂಡು. ವನಮಾಲಾ ಎಲ್ಲರ ಮುಖ ಕಾಣುವಂತೆ ಗೋಡೆಗೊರಗಿ ನಿಂತಳು. ಸುಜಯ ಗುಂಡಿ ಒತ್ತಿದ. ಅಗಲ ಪರದೆ ಬೆಳಗಿತು. ಸುಣ್ಣ ಉದುರಿದ ಗೋಡೆಗೂ ನೀಲಿ ಬಣ್ಣ ಬಂತು. “ವಾಹ್!” ಎಂದರು ರಾಯರು. ವನಮಾಲಾ ಉಸಿರು ಬಿಟ್ಟಳು.

“ಆಟ ಹಚ್ಚಪಾ,” ಎಂದರು ಪ್ರಿಯಂವದಾಬಾಯಿ. “ಬದರಿ ನೋಡ್ತಿದ್ದದ್ದು ನಾನೂ ಒಂದಿಷ್ಟು ನೋಡ್ತೀನಿ.”

ಆಟ ತೆರೆಯಿತು. ಕಾರುಗಳು ಸಾಲಾಗಿ ನಿಂತವು. ಕಾರ್ಡಿನ ಫ್ಯಾನು ಮೆಲ್ಲಗೆ ಸುಂಯ್‌ಗುಟ್ಟಿದ್ದು ಜೋರಾಯಿತು, ಕಾರು ಹೊರಟಿತು, ಮತ್ತು ಟಪ್ಪೆಂದು ಎಲ್ಲವೂ ಆರಿಹೋಯಿತು. ಕರೆಂಟು ಹೋಯಿತೇನೋ ಎಂದು ಆಚಾರ್ಯರು ಮೇಲೆ ನೋಡಿದರು. ಕೋಣೆಯ ಫ್ಯಾನು ತಿರುಗುತ್ತಲೇ ಇತ್ತು. ಸುಜಯ ಮತ್ತೆ ಹಚ್ಚಿದ. ಕಾರು ಹೊರಡುವ ಹೊತ್ತಿಗೆ ಸರಿಯಾಗಿ ಮತ್ತೆ ಕತ್ತಲು. ಕಪ್ಪು ಗಾಜಿನಲ್ಲಿ ಮಂಚದ ಮೇಲೆ ಕೂತ ಪ್ರಿಯಂವದಾಬಾಯಿ ಮಾತ್ರ ಕಾಣುತ್ತಿದ್ದರು.

ಸುಜಯನಿಗೆ ಅಳುವೇ ಬಂತು. ಸಣ್ಣದು ಅಂದರೂ ಕೇಳಲಿಲ್ಲವಲ್ಲ ಎಂದು ತಾಯಿಯತ್ತ ತಿರುಗಿ ಹಿಂದಿಯಲ್ಲಿ ಸಿಡುಕಿದ. “ಮೈನೇ ಕಹಾ ಥಾ ನ, ಛೋಟಾ ವಾಲಾ! ಆಪ್ ಸುನತೀ ಹೀ ನಹೀ.”

ವನಮಾಲಾ ಕಣ್ಣಲ್ಲೇ ಅವನನ್ನು ತಡೆಯಲು ನೋಡಿದಳು. ಅಷ್ಟರಲ್ಲಿ ಮಂಚದ ಮೇಲಿಂದ ಉತ್ತರ ಬಂತು, ಮೆತ್ತಗೆ, ನೀರು ಕುಡಿದಷ್ಟು ಸಲೀಸಾದ ಹಿಂದಿಯಲ್ಲಿ:

“ತೋ ಚಲೋ ಬೇಟಾ, ಛೋಟಾ ವಾಲಾ ಹೀ ಲೇ ಆತೇ ಹೈ. ದುಕಾನ್ ತೋ ಖುಲ್ ಗಯೀ ಹೋಗೀ.” ನಡಿ ಮಗಾ, ಸಣ್ಣದನ್ನೇ ತರೋಣ, ಅಂಗಡಿ ತೆರೆದಿರಬೇಕು.

ರಾಯರು ನಕ್ಕು ಆಚಾರ್ಯರಿಗೆ ಹೇಳಿದರು, “ನಮ್ಮ ಸರ್ವೀಸೆಲ್ಲಾ ಇಟಾರ್ಸಿ, ಜಬಲಪುರದಾಗರಿ. ಇಕಿ ಹಿಂದಿ ನನ್ನಕಿಂತಾ ಚೊಲೊ. ಅಲ್ಲೆ ತರಕಾರಿಯವರು ಹೆದರ್ತಿದ್ರು ಇಕಿಗೆ.”

ವನಮಾಲಾಳ ಮುಖ, ಕುತ್ತಿಗೆ, ಕಿವಿ ಎಲ್ಲ ಕಾದವು. ಈ ಮನೆಗೆ ಅವರು ಕಾಲಿಟ್ಟಾಗಿನಿಂದ ತಾನು ಹಿಂದಿಯಲ್ಲಿ ಆಡಿದ್ದೆಲ್ಲ ಒಂದೊಂದಾಗಿ ಎದ್ದು ಬಂತು. ಬೇಳೆಗೆ ನೀರು. ಬೆನ್ನು ಸವರುತ್ತಲೇ ಆಡಿದ ಆ ‘ಇದು ಈಗಲೇ ಮುಗಿಯಲ್ಲ.’ ಇವರಿಗೇನು ಗೊತ್ತು. ಎಲ್ಲ ಕೇಳಿಸಿಕೊಂಡೇ ಆಕೆ ತನ್ನ ಕೈಯ ಅನ್ನ ಉಂಡಿದ್ದರು.

“ಏನಾತು? ಯಾಕ ನಡೀವಲ್ಲದು?” ಆಚಾರ್ಯರಿಗೆ ಇನ್ನೂ ಏನೂ ಅರ್ಥವಾಗಿರಲಿಲ್ಲ.

“ಏನಿಲ್ರಿ ಆಚಾರ್ರ,” ಎಂದರು ಪ್ರಿಯಂವದಾಬಾಯಿ. “ಅಂಗಡ್ಯಾವ ಹೊಂದಲಾರದ್ದು ಕೊಟ್ಟಾನ.”

ಬೈದಿದ್ದರೆ ವನಮಾಲಾ ಸಹಿಸುತ್ತಿದ್ದಳೋ ಏನೋ. ಆ ಮಾತು ಅವಳ ಮುಂದೆ ತೆರೆದಿಟ್ಟ ಬಾಗಿಲಿನಂತಿತ್ತು. ಸುಮ್ಮನಿದ್ದರೆ ಸಾಕು, ದಾಟಬಹುದಿತ್ತು. ಗಂಡನಿಗೆ ತಿಳಿದರೆ ಈ ದಾನವನ್ನು ಅವರು ಮುಟ್ಟುವುದಿಲ್ಲ ಎಂದು ಅವಳಿಗೆ ಗೊತ್ತು. ಸುಜಯನ ಕೈ ಇನ್ನೂ ಕೀಲಿಮಣೆಯ ಮೇಲಿತ್ತು. ಅವನು ಅವಳನ್ನು ನೋಡುತ್ತಿರಲಿಲ್ಲ.

“ಅಂಗಡ್ಯಾವಂದಲ್ಲ,” ಎಂದಳು. “ಸುಜಯ ಸಣ್ಣದು ಸಾಕು ಅಂದ. ನಾನು ಅವರ ಎದುರಿಗೇ ಹಿಂದಿಯೊಳಗ ದೊಡ್ಡದು ಹೇಳು ಅಂದೆ. ಇವರಿಗೇನು ಗೊತ್ತು ಅಂದೆ.”

ರಾಯರ ನಗು ನಿಂತಿತು. ಆಚಾರ್ಯರಿಗೆ ಸಿಟ್ಟು ಬಂದರೆ ಧ್ವನಿ ಇನ್ನೂ ತಗ್ಗುತ್ತದೆ.

“ಆಶಾ ಇಟ್ಟು ಕೊಡಿಸಿಕೊಂಡದ್ದು ದಾನ ಆಗೂದಿಲ್ಲ. ತಾಯಿ, ಇದನ್ನ ಬ್ಯಾರೆ ಮನಿಗೆ ಕೊಡ್ರಿ. ನಾನ ಯೋಗ್ಯರನ್ನ ಕರದು ತರ್ತೀನಿ.”

ಸುಜಯ ಬಗ್ಗಿ ತಿರುಪು ಬಿಚ್ಚತೊಡಗಿದ. ಪ್ರಿಯಂವದಾಬಾಯಿ ಅವನ ಕೈ ನೋಡುತ್ತಿದ್ದರು.

“ಬ್ಯಾಡ್ರಿ ಆಚಾರ್ರ,” ಎಂದರು. “ಅಂಗಡ್ಯಾಗ ಇವರು ಅಂದದ್ದು ನನಗ ಕೇಳಿಸ್ತು. ಸಿಟ್ಟೂ ಬಂತು, ಯಾಕ ಸುಳ್ಳು ಹೇಳಲಿ? ಎದ್ದು ಬರಬೇಕಂದೆ. ಆದ್ರ ನನ್ನ ಮಗಾ ಕೇಳಿದಾಗ ನಾ ಸಣ್ಣದೂ ಕೊಡಸ್ಲಿಲ್ಲ. ಒಬ್ಬಾಕಿ ತನ್ನ ಮಗಂಗ ದೊಡ್ಡದ ಬೇಕು ಅಂತಾಳ ಅನಿಸ್ತು. ಕೊಟ್ಟೆ. ಈಗ ಇವನ ಕೈಯಿಂದನೂ ಕಸಗೊಂಡು ಹೋಗ್ಲೇನು? ಬದರಿ ಆರಸ್ತಿದ್ದದ್ದು ಯಾವುದು ಅಂತ ಈ ಹುಡುಗ ಖರೇ ಹೇಳಿದ್ದ. ಅದನ್ನ ಕೊಡ್ತೀನಿ, ಇವಂಗ ಕೊಡ್ತೀನಿ. ಇಷ್ಟ ನನ್ನ ಸಂಕಲ್ಪ.”

ಆಚಾರ್ಯರು ಉತ್ತರೀಯ ಹೊದ್ದು ಕೆಳಗಿಳಿದರು.

ಸಿಗರಾಕ್ಕೆ ಸೈಕಲ್ ರಿಕ್ಷಾದಲ್ಲಿ ಇಬ್ಬರು ಹೆಂಗಸರೂ ಒಂದೇ ಸೀಟಿನಲ್ಲಿ ಕೂತರು. ಸುಜಯ ಪೆಟ್ಟಿಗೆಗಳೊಂದಿಗೆ ಹಿಂದಿನ ರಿಕ್ಷಾದಲ್ಲಿ. ಬಾಡಿಗೆಯ ಮಾತನ್ನು ಪ್ರಿಯಂವದಾಬಾಯಿಯೇ ಆಡಿದರು. ತರಕಾರಿಯವರು ಯಾಕೆ ಹೆದರುತ್ತಿದ್ದರು ಎಂದು ವನಮಾಲಾಳಿಗೆ ತಿಳಿಯಿತು. ಕ್ಷಮಿಸಿ ಎನ್ನಬೇಕು ಎಂದು ದಾರಿಯುದ್ದಕ್ಕೂ ಪದ ಹುಡುಕಿದಳು. ಇಷ್ಟು ವರ್ಷ ತೂಗಿ ತೂಗಿ ಆಡಿದ ಪದಗಳಲ್ಲಿ ಒಂದೂ ಹೊಂದಲಿಲ್ಲ. ರಿಕ್ಷಾ ಗುಂಡಿಯೊಂದಕ್ಕೆ ಇಳಿದಾಗ ಪ್ರಿಯಂವದಾಬಾಯಿ ಅವಳ ಮೊಣಕೈ ಹಿಡಿದುಕೊಂಡರು. ಗುಂಡಿ ದಾಟಿದ ಮೇಲೆ ಬಿಟ್ಟರು.

ಅಂಗಡಿಯವನಿಗೆ ಬದಲಾಯಿಸಿ ಕೊಡಲು ಮನಸ್ಸಿರಲಿಲ್ಲ. “ದೊಡ್ಡ ಎಸ್‌ಎಂಪಿಎಸ್ ಒಂದು ಹಾಕಿಬಿಡಿ ಪಂಡಿತಾಯಿನ್‌ಜೀ, ಮಾತು ಮುಗಿಯಿತು. ಇಂಥ ಕಾರ್ಡು ಯಾರಾದರೂ ವಾಪಸ್ ಕೊಡುತ್ತಾರೆಯೇ?” ಎಂದ ಹಿಂದಿಯಲ್ಲಿ. ಗಾಜಿನ ಹಿಂದೆ ಆ ಕೆಂಪು ಕಾರು ಇನ್ನೂ ಓಡುತ್ತಿತ್ತು. ಸುಜಯ ಅದನ್ನೊಮ್ಮೆ ನೋಡಿ, ಅಭ್ಯಾಸದಂತೆ ತಾಯಿಯ ಮುಖ ನೋಡಿದ.

“ಸಣ್ಣದು,” ಎಂದಳು ವನಮಾಲಾ, ಕನ್ನಡದಲ್ಲಿ. ಅಂಗಡಿಯವನಿಗೆ ತಿಳಿಯಲಿಲ್ಲ. ಹಿಂದಿಯಲ್ಲೂ ಹೇಳಿದಳು. “ಛೋಟಾ ವಾಲಾ.”

ಮರುದಿನ ಕೇದಾರಘಾಟಿನಲ್ಲಿ ಕರ್ಮ ನಡೆಯಿತು. ಅಂಗೈಯಷ್ಟು ಕಾರ್ಡು, ಚೌಕ ಪರದೆ, ತುಳಸಿ, ನೀರು. ಆಚಾರ್ಯರು ಮಗನನ್ನು ಮುಂದೆ ಕೂರಿಸಿ ಕೈ ಚಾಚಿಸಿದರು. ವನಮಾಲಾ ಮೇಲಿನ ಮೆಟ್ಟಿಲಲ್ಲಿ ನಿಂತಿದ್ದಳು. ಅವಳನ್ನು ಯಾರೂ ಕರೆಯಲಿಲ್ಲ. ಸಂಜೆ ಮೇಲಿನ ಕೋಣೆಯಿಂದ ಕಾರಿನ ಸದ್ದು, ಪ್ರಿಯಂವದಾಬಾಯಿಯ “ಬಲಕ್ಕ ತಿರಗಸೋ, ಗ್ವಾಡಿಗೆ ಬಡೀತದ!” ಎಂಬ ಕೂಗು ಕೆಳಗೆ ಕೇಳಿಸುತ್ತಿತ್ತು. ವನಮಾಲಾ ಚಹಾ ಮಾಡಿದಳು. ಅದನ್ನು ಮೇಲಕ್ಕೆ ಒಯ್ಯಲು ಅವಳಿಗೆ ಧೈರ್ಯ ಬರಲಿಲ್ಲ. ಗಂಡನ ಕೈಯಲ್ಲಿ ಕಳಿಸಿದಳು.

ರಾಯಚೂರಿನವರು ಹೋದ ಮೇಲೆ ಗದಗಿನ ಒಂದು ದೊಡ್ಡ ಬಳಗ ಬಂದಿಳಿಯಿತು. ಪಂಕ್ತಿ ತುಂಬಿತ್ತು. ಸುಜಯ ಅಡುಗೆಮನೆಯ ಬಾಗಿಲಿಗೆ ಬಂದು ಎಂದಿನಂತೆ, “ಅಮ್ಮಾ, ಘೀ ಖತಮ್,” ಎಂದ.

ವನಮಾಲಾ ಸೌಟು ಹಿಡಿದು ನಿಂತಳು. ಪಂಕ್ತಿಯಲ್ಲಿ ಹಿರಿಯರೊಬ್ಬರು ಅನ್ನದಲ್ಲಿ ಗುಳಿ ಮಾಡಿಕೊಂಡು ತುಪ್ಪಕ್ಕೆ ಕಾಯುತ್ತಿದ್ದರು. ಅವಳ ಮುಖ ಮತ್ತೆ ಕಾದಿತು.

“ತುಪ್ಪ ಮುಗದದ್ರಿ,” ಎಂದಳು, ಎಲ್ಲರಿಗೂ ಕೇಳುವಂತೆ. “ನನ್ನ ಅಂದಾಜು ತಪ್ಪಿತು. ತರಿಸ್ತೀನಿ, ಒಂಚೂರು ತಡೀರಿ.”