ದೊಡ್ಡಪ್ಪ ಮುಚ್ಚಿಟ್ಟ ಕಾಯಿಲೆ

ತಂಗಿ ನೂರಿತ್‌ಗೆ ಅಂಡಾಶಯದ ಕ್ಯಾನ್ಸರ್ ಎಂದು ಗೊತ್ತಾದಾಗ ಅವಳಿಗೆ ನಲವತ್ತೊಂದು ವರ್ಷ. ಇದು ವಂಶದಲ್ಲಿ ಇಳಿದುಬರುವ ದೋಷ, ಬಾಗ್ದಾದಿನಿಂದ ಬಂದ ನಮ್ಮಂಥ ಯೆಹೂದಿಗಳಲ್ಲೂ ಉಂಟು, ತಂದೆಯಿಂದಲೂ ಬರಬಹುದು, ತಾಯಿಯಿಂದಲೂ ಬರಬಹುದು ಎಂದರು ಡಾಕ್ಟರು. ಅಮ್ಮನ ಕಿವಿಗೆ ಬಿದ್ದದ್ದು ಕೊನೆಯ ಮಾತು ಮಾತ್ರ. ಆಸ್ಪತ್ರೆಯ ಬೆಂಚಿನಲ್ಲಿ ಕೂತು, ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದೇ ತಪ್ಪಾಯಿತು ಎಂದು ಅಳುತ್ತಿದ್ದಳು. ದೊಡ್ಡಪ್ಪ ಖದೂರಿ ಪಕ್ಕದಲ್ಲೇ ಕೂತು, ನಿನ್ನ ತವರಿನವರ ರಕ್ತವೇ ಹಾಗೆ, ನೀನೇನು ಮಾಡುತ್ತೀಯ ಎಂದು ಸಮಾಧಾನ ಹೇಳುತ್ತಿದ್ದರು. ಅವರು ತೀರಿಹೋದ ಅಪ್ಪನ ಅಣ್ಣ. ರಮತ್ ಗಾನ್ ಊರಿನ ಮಾರ್ಕೆಟ್ಟಿನಲ್ಲಿ ಮಸಾಲೆ ಅಂಗಡಿ ಇಟ್ಟವರು.

ಅಮ್ಮನ ರಕ್ತಪರೀಕ್ಷೆಯಲ್ಲಿ ದೋಷ ಕಾಣಲಿಲ್ಲ. ಅಂದರೆ ಅದು ಬಂದದ್ದು ಅಪ್ಪನಿಂದ. ನನಗೆ ಬಂದಿರಲಿಲ್ಲ. ಅಪ್ಪನ ಕಡೆಯವರೆಲ್ಲ ಪರೀಕ್ಷೆ ಮಾಡಿಸಬೇಕು ಎಂದು ಡಾಕ್ಟರು ಹೇಳಿದ್ದರಿಂದ ಶನಿವಾರ, ಶಬ್ಬಾತ್ ರಜೆಯ ಮಧ್ಯಾಹ್ನ, ದೊಡ್ಡಪ್ಪನ ಮನೆಗೆ ಹೋದೆ.

ಊಟ ನಡೆದಿತ್ತು. ರಾತ್ರಿಯಿಡೀ ಸಣ್ಣ ಉರಿಯಲ್ಲಿ ಬೆಂದ ಕೋಳಿ ಅನ್ನವನ್ನು ಅವರ ಮಗಳು ಓರ್ನಾ ನನಗೂ ಬಡಿಸಿದಳು. ಬಂದ ಕಾರಣ ಹೇಳಿದೆ. ದೊಡ್ಡಪ್ಪ ಮೂಳೆ ಚೀಪುತ್ತ, ಮಾವಿನ ಉಪ್ಪಿನಕಾಯಿ ತರಲು ಓರ್ನಾಳನ್ನು ಒಳಗೆ ಕಳಿಸಿ, ದನಿ ತಗ್ಗಿಸಿದರು.

"ನಂಗ್ಯಾಕೆ ಪರೀಕ್ಷೆ? ನಂಗೆ ಅದು ಬಂದು ಹೋಗಿದೆ."

ಜಿಡ್ಡುಗೈಯಿಂದ ಎಡಗಡೆ ಎದೆ ಮುಟ್ಟಿ ತೋರಿಸಿದರು. ಎಂಟು ವರ್ಷದ ಹಿಂದೆ ಹರ್ನಿಯಾ ಎಂದು ಎಲ್ಲರಿಗೂ ಹೇಳಿ ಮಾಡಿಸಿಕೊಂಡದ್ದು ಇದೇ ದೋಷದಿಂದ ಗಂಡಸರಿಗೂ ಬರುವ ಸ್ತನದ ಕ್ಯಾನ್ಸರಿನ ಆಪರೇಷನ್. ಮಗಳಿಗೂ ತಮ್ಮನ ಮಕ್ಕಳಿಗೂ ತಿಳಿಸಿ ಎಂದು ಡಾಕ್ಟರು ಆಗಲೇ ಹೇಳಿದ್ದರಂತೆ.

"ಯಾಕೆ ಹೇಳ್ಲಿಲ್ಲ ದೊಡ್ಡಪ್ಪ?"

"ಗಂಡಸಿಗೆ ಮೊಲೆ ಕಾಯಿಲೆ ಅಂದ್ರೆ ಮಾರ್ಕೆಟ್ಟಲ್ಲಿ ಸುಮ್ನೆ ಬಿಡ್ತಾರಾ? ಬ್ರಾ ಹಾಕ್ಕೊಂಡು ಬಾ ಖದೂರಿ ಅಂತಿದ್ರು." ನಕ್ಕರು. ತುಟಿಗೆ ಅನ್ನದ ಅಗಳು ಮೆತ್ತಿತ್ತು. "ಈಗ್ಲೂ ಅದು ನಿಮ್ಮಮ್ಮನ ಕಡೇದು ಅಂತಾನೇ ಇರ್ಲಿ ಬಿಡು. ಜನ ಹೇಗೂ ನಂಬಿದಾರೆ."

ಬಾಯಲ್ಲಿದ್ದ ತುತ್ತನ್ನು ತಟ್ಟೆಗೇ ಉಗಿದೆ. ಉಪ್ಪಿನಕಾಯಿ ಹಿಡಿದು ಬಂದ ಓರ್ನಾಳಿಗೆ ಅಲ್ಲೇ ಹೇಳಿದೆ:

"ನಿಮ್ಮಪ್ಪಂಗೆ ಆಗಿದ್ದು ಹರ್ನಿಯಾ ಅಲ್ಲ ಕಣೇ, ಸ್ತನದ ಕ್ಯಾನ್ಸರ್. ನಿಂಗೂ ಆ ದೋಷ ಬಂದಿರಬಹುದು. ನಾಳೇನೇ ಪರೀಕ್ಷೆ ಮಾಡಿಸ್ಕೋ."

"ಊಟದ ಮುಂದೆ ಎಂಥ ಹೊಲಸು ಮಾತಾಡ್ತೀಯೇ," ಎಂದರು ದೊಡ್ಡಪ್ಪ.

ಓರ್ನಾ ಅವರನ್ನೇ ನೋಡುತ್ತ ನಿಂತಳು. "ನಂಗೂ ಹೇಳ್ಲಿಲ್ವಲ್ಲ ಅಪ್ಪ," ಎಂದಳು.

ಅವಳಿಗೂ ದೋಷ ಬಂದಿತ್ತು. ಗಡ್ಡೆ ಇನ್ನೂ ಹುಟ್ಟಿರಲಿಲ್ಲವಾದ್ದರಿಂದ ಅಂಡಾಶಯ ತೆಗೆಸಿಕೊಂಡು ಆರಾಮಾಗಿದ್ದಾಳೆ. ಎಂಟು ವರ್ಷದ ಹಿಂದೆ ನೂರಿತ್‌ಗೂ ಹಾಗೆಯೇ ಮಾಡಿಸಬಹುದಿತ್ತು. ಅವಳ ಕ್ಯಾನ್ಸರ್ ಈಗ ಯಕೃತ್ತಿಗೆ ಹರಡಿದೆ.

ದೊಡ್ಡಪ್ಪ ಕಿತ್ತಳೆ ಹಣ್ಣು ತಂದು ಆಸ್ಪತ್ರೆಯ ಕೋಣೆಯ ಬಾಗಿಲಲ್ಲಿ ನಿಂತಾಗ ಒಳಗೆ ಬಿಡಲೇ ಎಂದು ನೂರಿತ್‌ಳನ್ನು ಕೇಳಿದೆ.

"ಬೇಡ ಅಕ್ಕ. ಆ ಕೈ ನನ್ನ ತಲೆ ಮುಟ್ಟಿ ಹರಸೋದು ಬೇಡ," ಎಂದು ಗೋಡೆ ಕಡೆ ತಿರುಗಿದಳು.

ನಾನು ಬಾಗಿಲು ಹಾಕಿದೆ.